ಹದಿನೇಳನೇ ಸಾಲಿನ ಸೂಜಿಯಕ್ಕ

ಸೂಜಿಯಕ್ಕ ಅಂತ ಅವಳನ್ನು ಮೊದಲು ಕರೆದವರು ಯಾರೋ ಗೊತ್ತಿಲ್ಲ, ಆದರೆ ಕರೆದವರಿಗೆ ಕಣ್ಣಿತ್ತು. ಮೇವಿನ ಸಂಶೋಧನಾ ಕೇಂದ್ರಕ್ಕೆ ಬರುವ ಮೊದಲು ಹನ್ನೆರಡು ವರ್ಷ ಅವಳು ದರ್ಜಿಯಂಗಡಿಯ ಮೂಲೆಯಲ್ಲಿ ಕೂತು ಹರಿದ ಬಟ್ಟೆಗೆ ರಫು ಹಾಕುತ್ತಿದ್ದಳು. ಇಲಿ ಕಡಿದ ತೂತು ಎಲ್ಲಿತ್ತು ಅಂತ ಅಂಗಿ ಹಾಕಿಕೊಳ್ಳುವವನೇ ಹುಡುಕಿ ಸೋಲಬೇಕು, ಹಾಗೆ ಮುಚ್ಚಿ ಕೊಡುತ್ತಿದ್ದಳು. ತೂತು ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರ್ ಬಿಚ್ಚಿಕೊಂಡಿದ್ದರೆ ಇಳಿಯುವ ತನಕ ಅವಳ ಜೀವಕ್ಕೆ ಸಮಾಧಾನವಿಲ್ಲ.

ಒಂದು ದಿನ ಆ ಅಂಗಡಿಗೆ ಕೋಟು ರಿಪೇರಿಗೆ ಬಂದವರು ಡಾಕ್ಟರಮ್ಮ. ಕೇಂದ್ರದ ತಳಿ ವಿಜ್ಞಾನಿ. ಹೊಟ್ಟೆನೋವು ಅಂತ ಹತ್ತಿರ ಬಂದವರಿಗೆಲ್ಲ "ನಾನು ಸೊಪ್ಪಿನ ಡಾಕ್ಟರು ಕಣಪ್ಪಾ, ನಿನಗೆ ಮಾತ್ರೆ ಬೇಕೋ ಮೇವು ಬೇಕೋ?" ಅಂತ ಕೇಳುವ ಹೆಂಗಸು. ಅವರು ರಫು ನೋಡಿದರು, ಬೆರಳು ನೋಡಿದರು. "ನಮ್ಮಲ್ಲಿ ಹೂವಿನ ಕೆಲಸ ಇದೆ, ಬರ್ತೀರಾ?" ಅಂದರು. ಮೇಜಿನ ಬಟ್ಟೆಗೆ ಹೂ ಕಸೂತಿ ಹಾಕುವುದು ಅಂದುಕೊಂಡು ಅಕ್ಕ ಹೊರಟಳು.

ಹೋಗಿ ನೋಡಿದರೆ ಹೂವು ನಿಜವಾದದ್ದು, ಕುದುರೆಮಸಾಲೆ ಅನ್ನುವ ಮೇವಿನ ಗಿಡದ್ದು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ನೇರಳೆ ಹೂವನ್ನು ಸೂಜಿಯಿಂದ ಬಿಡಿಸಿ, ಅದರ ಪರಾಗದ ಪುಡಿ ತೆಗೆದು, ಬೇರೊಂದು ಗಿಡದ ಪುಡಿ ಹಚ್ಚಿ, ಕಾಗದದ ಚೀಲ ಕಟ್ಟಬೇಕು. ದಿನಕ್ಕೆ ಇನ್ನೂರು ಹೂವು. ಒಮ್ಮೆ ಬಿತ್ತಿದರೆ ಕುದುರೆಮಸಾಲೆ ವರ್ಷಗಟ್ಟಲೆ ಚಿಗುರುತ್ತದೆ, ಬೇರಿನ ಗಂಟುಗಳಿಂದ ಮಣ್ಣಿಗೆ ತಾನೇ ಗೊಬ್ಬರವನ್ನೂ ಕೊಡುತ್ತದೆ. ಎಲ್ಲ ಸರಿ, ಆದರೆ ಕುಯ್ದು ಹಾಕಿದರೆ ಮಾತ್ರ. ಕುರಿಯನ್ನು ಬಿಟ್ಟು ಮೇಯಿಸಿದರೋ, ಅದು ಬುಡದ ತನಕ ಕಚ್ಚುತ್ತದೆ, ಗಿಡ ಎರಡು ವರ್ಷಕ್ಕೆ ಸಾಯುತ್ತದೆ. ಕುರಿ ಕಚ್ಚಿದರೂ ಸಾಯದ ಗಿಡ ಬೇಕು ಅನ್ನುವುದು ಡಾಕ್ಟರಮ್ಮನ ಹಟ. ಸೇವೆಯ ಅರ್ಧ ಆಯುಸ್ಸು ಅದಕ್ಕೇ ಹೋಗಿತ್ತು.

ಅಕ್ಕ ಕೂಡಿಸಿದ ಹೂವುಗಳ ಬೀಜದಿಂದ ಮೂವತ್ತು ಸಾಲು ಬಿತ್ತಿದರು. ಸಾಲಿಗೆ ನೂರು ಗಿಡ. ಬೆಳೆದ ಮೇಲೆ ಕುರಿ ಬಿಡುವುದು, ವರ್ಷಕ್ಕೊಮ್ಮೆ ಬದುಕಿದ್ದನ್ನು ಎಣಿಸುವುದು, ಅಷ್ಟೇ ಪರೀಕ್ಷೆ. ಹದಿನೇಳನೇ ಸಾಲಿನ ತಾಯಿಗಿಡವನ್ನು ಆರಿಸಿದವಳು ಅಕ್ಕನೇ. "ನಿಮ್ಮ ಮಗಳು ಹೇಗಿದ್ದಾಳೆ?" ಅಂತ ಡಾಕ್ಟರಮ್ಮ ಆ ಸಾಲಿನ ಬಗ್ಗೆಯೇ ಕೇಳುತ್ತಿದ್ದರು.

ಎರಡನೇ ವರ್ಷ ಡಾಕ್ಟರಮ್ಮ ತಾಯಿಯ ಆಸ್ಪತ್ರೆ ಓಡಾಟಕ್ಕೆಂದು ಎರಡು ತಿಂಗಳು ರಜೆ ಹಾಕಿದರು. ಅದೇ ಹೊತ್ತಿಗೆ ಕುರಿಗಳು ಮೊದಲ ಸಲ ಹೊಲಕ್ಕಿಳಿದವು. ವಾರಗಳು ಕಳೆದಂತೆ ಸಾಲು ಸಾಲಿನಲ್ಲೂ ಹಲ್ಲುದುರಿದ ಬಾಯಿಯಂತೆ ಸಂದುಗಳು. ಹದಿನೇಳರಲ್ಲೇ ಮೂವತ್ತೆಂಟು ಗಿಡ ಸತ್ತವು. ಆಸ್ಪತ್ರೆಯಿಂದ ಬೆಂದು ಬರುವ ಜೀವ, ಈ ಸಾಲಾದರೂ ತುಂಬಿಕೊಂಡಿರಲಿ ಅನ್ನಿಸಿತು ಅಕ್ಕನಿಗೆ. ಅದೇ ಬೀಜದ ಸಸಿಗಳು ತಗಡಿನ ಡಬ್ಬಿಗಳಲ್ಲಿ ಮಿಕ್ಕಿದ್ದವು. ತಂದು ಒಂದೊಂದೇ ಸಂದಿಗೆ ನೆಟ್ಟಳು, ನೀರು ಹನಿಸಿದಳು. ಕುರಿ ಮೇಯ್ದ ಹೊಲದಲ್ಲಿ ಎಲ್ಲ ಗಿಡವೂ ಬೆರಳೆತ್ತರ, ಹೊಸದು ಹಳೆಯದು ಗೊತ್ತಾಗುವ ಮಾತೇ ಇಲ್ಲ. ಇಷ್ಟು ಚೆಂದದ ರಫು ತಾನು ಜನ್ಮದಲ್ಲಿ ಹಾಕಿರಲಿಲ್ಲ ಅಂತ ಒಳಗೊಳಗೇ ಹಿಗ್ಗಿದಳು. ಡಾಕ್ಟರಮ್ಮ ಬಂದು ಎಣಿಸಿದರು, ತೊಂಬತ್ತೆಂಟು. ಸಾಲಿನ ಪಕ್ಕದಲ್ಲೇ ಕೂತು ಅತ್ತುಬಿಟ್ಟರು. ಸಂತೋಷಕ್ಕೆ ಅತ್ತರು ಅಂತ ಅಕ್ಕನೂ ಅತ್ತಳು.

ತಾನು ಮಾಡಿದ್ದು ಏನು ಅಂತ ಅವಳಿಗೆ ತಿಳಿದದ್ದು ಎರಡು ವರ್ಷದ ಮೇಲೆ. ನೋಡಲು ಬಂದ ವಿದ್ಯಾರ್ಥಿಗಳಿಗೆ ಡಾಕ್ಟರಮ್ಮ ಹೇಳುತ್ತಿದ್ದರು: "ಗಿಡ ನೋಡಬೇಡಿ, ಖಾಲಿ ಜಾಗ ನೋಡಿ. ಯಾವುದು ತಾಳಲಿಲ್ಲ ಅನ್ನೋದನ್ನ ಕುರಿ ಅಲ್ಲಿ ಬರೆದಿಟ್ಟಿದೆ." ಬಕೆಟ್ ಇಟ್ಟು ಪಕ್ಕದಲ್ಲೇ ನಿಂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಕುರಿ ಬರೆದದ್ದನ್ನು ತಾನು ಅಳಿಸಿದ್ದಳು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬಕೆಟ್ ಎತ್ತಿಕೊಂಡು ಹೋದಳು. ನಮ್ಮ ಸೂಜಿಯಕ್ಕ ದೇವತೆಯೇನಲ್ಲ, ಒಳ್ಳೆಯ ಹೆಸರು ಯಾರಿಗೆ ಬೇಡ?

ಆರನೇ ವರ್ಷ ಉಳಿದ ಸಾಲುಗಳು ಐವತ್ತೈದು, ಅರವತ್ತಕ್ಕೆ ಇಳಿದಾಗ ಹದಿನೇಳು ಮಾತ್ರ ತೊಂಬತ್ತೊಂದು. ಹೊಸ ತಳಿ ಅಂತ ಬಿಡುಗಡೆ ಮಾಡಲು ಸಮಿತಿ ಬರುವ ದಿನ ಗೊತ್ತಾಯಿತು. ಡಾಕ್ಟರಮ್ಮನ ನಿವೃತ್ತಿಗೆ ಆರು ತಿಂಗಳಿತ್ತು. ಆ ವಾರವೇ ಗುಡ್ಡದ ಮೇಲೆ ಕುರಿ ಸಾಕುವ ಮುದುಕನೊಬ್ಬ ಬಂದು ಸಾಲಿನ ಉದ್ದಕ್ಕೂ ನಡೆದ.

"ಒಂದ್ಸಲ ಬಿತ್ತಿದ್ರೆ ಆರು ವರ್ಷ ನೇಗಿಲು ಮುಟ್ಟೋದೇ ಬೇಡವಾ ತಾಯಿ? ನನ್ನದು ಇಳಿಜಾರು. ಉತ್ತಷ್ಟೂ ಮಣ್ಣು ಕೆಳಗೆ ಹೋಗುತ್ತೆ."

"ಬೇಡ," ಅಂದರು ಡಾಕ್ಟರಮ್ಮ. "ಬೇಕಾದ್ರೆ ನೀವೇ ಎಣಿಸಿ."

"ಹಾಗಾದ್ರೆ ಇಡೀ ಗುಡ್ಡಕ್ಕೆ ಹಾಕಿಬಿಡ್ತೀನಿ," ಅಂದ ಮುದುಕ.

ಆ ಸಂಜೆ ಅಕ್ಕ ಒಗೆದ ಬಟ್ಟೆ ಮಡಿಸುತ್ತ ಗಂಡನಿಗೆ ಎಲ್ಲ ಹೇಳಿದಳು. ಹಾಲಿನ ವ್ಯಾನ್ ಓಡಿಸುವ ಆಸಾಮಿ, ಗಲಾಟೆ ಅಂದರೆ ಆಗದು. "ನಾಲ್ಕು ಸಸಿಗೆ ಯಾಕೆ ಇಷ್ಟೊಂದು? ಬಾಯಿ ಮುಚ್ಕೊಂಡಿರು ಮಾರಾಯ್ತಿ," ಅಂದ. ಆಮೇಲೆ ತಾನೇ ಕೇಳಿದ: "ಆ ಮುದುಕನ ಗುಡ್ಡದಲ್ಲಿ ಗಿಡ ಸತ್ತರೆ ಯಾರು ತಂದು ನೆಡ್ತಾರೆ?" ಅಕ್ಕ ಮಡಿಸಿದ ಟವೆಲನ್ನೇ ಮತ್ತೆ ಬಿಚ್ಚಿ ಮಡಿಸಿದಳು.

ಬೆಳಿಗ್ಗೆ ಡಾಕ್ಟರಮ್ಮನ ಕೋಣೆಯಲ್ಲಿ ನಿಂತು ಹೇಳಿದಳು. ಸುತ್ತಿ ಬಳಸಲಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

"ಎಷ್ಟು?"

"ಮೂವತ್ತೆಂಟು."

"ಯಾವುವು ಅಂತ ತೋರಿಸ್ತೀರಾ?"

"ತೋರಿಸ್ತೀನಮ್ಮ. ಒಂದೂ ಮರೆತಿಲ್ಲ."

ಇಬ್ಬರೂ ಹೊಲಕ್ಕೆ ಹೋದರು. ಅಕ್ಕ ತೋರಿಸಿದ ಮೊದಲ ಗಿಡವನ್ನು ಡಾಕ್ಟರಮ್ಮ ಅಗೆದರು. ನೆಲದಲ್ಲೇ ಬಿತ್ತಿದ್ದರ ಬೇರು ಗಡಾರಿಯಂತೆ ನೇರ ಇಳಿಯುತ್ತದೆ, ಇದರ ಬೇರು ಡಬ್ಬಿಯ ತಳ ತಾಗಿ ಕವಲೊಡೆದಿತ್ತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಗುದ್ದಲಿ ಎತ್ತಿದವರು ಇಳಿಸಿಬಿಟ್ಟರು. ನೆಟ್ಟವುಗಳಲ್ಲಿ ಇನ್ನೂ ಬದುಕಿದ್ದ ಮೂವತ್ತನಾಲ್ಕನ್ನು ಬಿಟ್ಟು ಎಣಿಸಿದರೆ ಉಳಿದದ್ದು ಐವತ್ತೇಳು. ಮೂವತ್ತು ಸಾಲಿನಲ್ಲಿ ಅದೂ ಒಂದು ಸಾಲು, ಅಷ್ಟೇ.

"ಬೈದುಬಿಡಿ ಅಮ್ಮ," ಅಂದಳು ಅಕ್ಕ.

"ಬೈದರೆ ನಿಮಗೆ ಹಗುರ ಆಗುತ್ತೆ. ಬೈಯೋದಿಲ್ಲ." ಡಾಕ್ಟರಮ್ಮ ಅಗೆದ ಗುಂಡಿಗೆ ಮಣ್ಣು ಎಳೆದರು. "ಈ ಐವತ್ತೇಳರ ಬೀಜ ಹಿಡೀರಿ. ಅದೇ ನಿಜವಾಗಿ ಉಳಿದದ್ದು. ಮೊದಲಿಂದ ಬಿತ್ತಿ. ನೋಡೋಕೆ ನಾನಂತೂ ಇಲ್ಲಿರಲ್ಲ."

ಸಮಿತಿಗೆ ಬರಬೇಡಿ ಅಂತ ಅವರೇ ಪತ್ರ ಬರೆದರು. ಮುದುಕನಿಗೂ ಹೇಳಿಕಳಿಸಿದರು. ಆಮೇಲಿನ ಆರು ತಿಂಗಳು ಕೆಲಸದ ಮಾತು ಬಿಟ್ಟರೆ ಅಕ್ಕನೊಂದಿಗೆ ಇನ್ನೊಂದು ಮಾತಿಲ್ಲ. ಬೀಳ್ಕೊಡುಗೆಯ ದಿನ ಜವಾನನ ಕೈಯನ್ನೂ ಕುಲುಕಿದ ಡಾಕ್ಟರಮ್ಮ, ಅಕ್ಕನ ಸರದಿ ಬಂದಾಗ ಕೈಚೀಲ ಹುಡುಕತೊಡಗಿದರು. ಮನೆಗೆ ಬಂದು ಅಕ್ಕ ಊಟ ಮಾಡಲಿಲ್ಲ.

ಅವರ ಜಾಗಕ್ಕೆ ಬಂದ ಹೊಸಬರಿಗೆ ಜೋಳದ ಮೇಲೆ ಪ್ರೀತಿ, ಕುದುರೆಮಸಾಲೆಯನ್ನು ಅಕ್ಕನಿಗೇ ಬಿಟ್ಟರು. ಐವತ್ತೇಳರ ಬೀಜದಿಂದ ಮತ್ತೆ ನೂರು ಗಿಡದ ಸಾಲು ಬಿತ್ತಿದಳು, ಬೆಳೆಸಿದಳು, ಕುರಿ ಬಿಟ್ಟಳು. ಗಿಡಗಳು ಸತ್ತಾಗ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಾಲಿನ ಪಕ್ಕ ಓಡಾಡಿದಳು. ಎಣಿಸುವ ವಾರ ಬಂದರೆ ಪ್ರತಿ ವರ್ಷ ಡಾಕ್ಟರಮ್ಮನ ಫೋನು ಬರುತ್ತಿತ್ತು. "ಎಷ್ಟು?" ಅಂತ ಒಂದೇ ಮಾತು. ಇವಳು ಸಂಖ್ಯೆ ಹೇಳಿದರೆ ಆ ಕಡೆ ಇಟ್ಟುಬಿಡುತ್ತಿದ್ದರು.

ಮೂರನೇ ವರ್ಷ ಅಕ್ಕ ಹೇಳಿದಳು: "ಎಂಬತ್ತೊಂದು."

ಫೋನು ಇಡುವ ಸದ್ದು ಬರಲಿಲ್ಲ. "ನಿಜವಾಗ್ಲೂ?"

ಈ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಆದರೂ ಚುಚ್ಚಿತು. "ಬಂದು ನೋಡಿ ಅಮ್ಮ," ಅಂದಳು.

ಬಂದರು. ಬಸ್ಸಿಳಿದು ಕೋಲೂರಿಕೊಂಡು ನೆಟ್ಟಗೆ ಹೊಲಕ್ಕೇ ಬಂದರು. ಎರಡು ಸಲ ಎಣಿಸಿದರು. ಆಮೇಲೆ ತಾವೇ ಒಂದು ಗಿಡ ಆರಿಸಿ, "ಗುದ್ದಲಿ ಕೊಡಿ," ಅಂದರು. ಅಕ್ಕ ತಡೆಯಲಿಲ್ಲ. ಮೊಣಕಾಲೂರಿ, ಏದುಸಿರು ಬಿಡುತ್ತ, ಅರ್ಧ ಗಂಟೆ ಅಗೆದರು. ಬೇರು ಒಂದೇ, ನೇರ, ಎಲ್ಲೂ ಕವಲಿಲ್ಲ, ತುದಿ ಸಿಗುವ ಮೊದಲೇ ಗುದ್ದಲಿ ತಗುಲಿ ಕತ್ತರಿಸಿಹೋಯಿತು. ಡಾಕ್ಟರಮ್ಮ ಆ ಬೇರನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತರು.

"ಎಣಿಕೆ ಪುಸ್ತಕ ತಂದಿದ್ದೀರಾ?"

"ತಂದಿದ್ದೀನಿ."

"ಎಂಬತ್ತು ಅಂತ ಬರೀರಿ. ಪಕ್ಕದಲ್ಲಿ, ಒಂದು ನನ್ನ ಅನುಮಾನಕ್ಕೆ ಸತ್ತಿತು ಅಂತಾನೂ ಬರೀರಿ."

ಅಕ್ಕ ಎರಡನ್ನೂ ಬರೆದಳು.