ನಾನು ಮಬ್ರೂಕ್ ಅಂದೆ

ಕುವೈತಿಗೆ ಬಂದಾಗ ನನಗೆ ಸಿಕ್ಕ ಮೊದಲ ಕೆಲಸ ಮರಳುಗಾಡಿನ ಮಿಲಿಟರಿ ಕ್ಯಾಂಪೊಂದರ ಒಳಗಿದ್ದ ಟೈಲರ್ ಅಂಗಡಿಯದು. ಪುತ್ತೂರಿನಲ್ಲಿ ರವಿಕೆ ಹೊಲಿಯುತ್ತಿದ್ದವನು ಇಲ್ಲಿ ಪರದೇಶಿ ಸಿಪಾಯಿಗಳ ಹರಿದ ಪ್ಯಾಂಟಿಗೆ ತೇಪೆ ಹಾಕತೊಡಗಿದೆ. ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನನ್ನು ಕಾಪಾಡಿದ್ದು ‘ಖಲಾಸ್’ ಎಂಬ ಒಂದು ಅರಬಿ ಮಾತು. ಹೊಲಿಗೆ ಮುಗಿದರೆ ಖಲಾಸ್, ಊಟವಾದರೆ ಖಲಾಸ್. ಒಬ್ಬನ ಅವಧಿ ಮುಗಿದು ಊರಿಗೆ ಹೊರಟರೂ ಖಲಾಸ್. ಹಾಗೆ ಹೊರಟವನಿಗೆ ನಾವು ‘ಮಬ್ರೂಕ್’ ಅನ್ನುತ್ತಿದ್ದೆವು, ಒಳ್ಳೆಯದಾಯಿತು, ಅಭಿನಂದನೆ ಎಂಬಂತೆ.

ಆಸ್ಟ್ರೇಲಿಯಾದ ಕಾಲ್ದಳದ ಆ ಲೆಫ್ಟಿನೆಂಟ್ ಪರಿಚಯವಾದದ್ದು ನನ್ನ ದಡ್ಡತನದಿಂದ. ಟೊಪ್ಪಿಯ ಪಟ್ಟಿ ಬಿಟ್ಟಿದೆ ಎಂದು ಕೊಟ್ಟು ಹೋಗಿದ್ದ. ಅವರ ಟೊಪ್ಪಿಯ ಅಂಚು ಒಂದು ಬದಿಗೆ ಮೇಲಕ್ಕೆ ಮಡಚಿರುತ್ತದೆ. ನನಗೇನು ಗೊತ್ತು? ಬ್ಯಾಗಿನಲ್ಲಿ ಸಿಕ್ಕಿ ಸೊಟ್ಟಗಾಗಿದೆ ಅಂದುಕೊಂಡು ಹಬೆ ಹಿಡಿದು, ಇಸ್ತ್ರಿ ಒತ್ತಿ, ಮಟ್ಟಸ ಮಾಡಿಟ್ಟೆ. ಬಂದವನು ಅದನ್ನು ತಲೆಗೇರಿಸಿ ಕನ್ನಡಿ ನೋಡಿಕೊಂಡ. “ಈಗ ಥೇಟ್ ಕುರಿ ಕಾಯುವ ನಮ್ಮಪ್ಪ” ಎಂದು ನಕ್ಕ.

ಅವನಿಗೆ ಆಗ ಇಪ್ಪತ್ತೈದೋ ಇಪ್ಪತ್ತಾರೋ. ಕೈಕೆಳಗಿನವರ ಬಟ್ಟೆಗಳನ್ನು ತಾನೇ ಹೊತ್ತು ತರುತ್ತಿದ್ದ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಅವರದೆಲ್ಲ ಮುಗಿದ ಮೇಲೆ ತನ್ನದನ್ನು ಕೊಡುತ್ತಿದ್ದ. ಸಾಹೇಬರು ಹೀಗೆ ಕೂರುವುದು ನಾನು ನೋಡಿರಲಿಲ್ಲ. ಕುರಿಗಳ ಬಗ್ಗೆ, ತಂಗಿಯ ಬಗ್ಗೆ ಹೇಳುತ್ತಿದ್ದ. ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದದ್ದಕ್ಕೆ ತಲೆಯಾಡಿಸುತ್ತಿದ್ದೆ. ಖಲಾಸ್ ಅನ್ನುವುದನ್ನು ನನ್ನಿಂದಲೇ ಕಲಿತ. ಅವನ ಬಾಯಲ್ಲಿ ಅದು ‘ಕಲ್ಲಾಸ್’.

ಕೊನೆಯ ಸಲ ತಂದದ್ದು ಒಂದು ಬೂದು ಪ್ಯಾಂಟ್. ತಂಗಿಯ ಮದುವೆಗೆ ಹಾಕುವುದಂತೆ. ಬಿಸಿಲಿಗೆ ಇಳಿದುಹೋಗಿದ್ದ, ಸೊಂಟ ಎರಡಿಂಚು ಹಿಡಿಯಬೇಕಿತ್ತು. ಅಷ್ಟರೊಳಗೆ ರಜೆ ಸಿಗುತ್ತದೆಯೇ ಎಂದು ಕೇಳಿದೆ. “ಗಡಿಯಾಚೆ ಒಂದು ಕೆಲಸ ಇದೆ. ಆಮೇಲೆ ಕಲ್ಲಾಸ್” ಎಂದ. ಪ್ಯಾಂಟನ್ನು ಒಗೆದು, ಮಡಚಿ, ಚೀಟಿ ಸಿಕ್ಕಿಸಿ ಕಪಾಟಿನಲ್ಲಿಟ್ಟೆ.

ಕೆಲವು ವಾರಗಳ ಮೇಲೆ ಆ ಚೀಟಿಯ ಇನ್ನರ್ಧ ಹಿಡಿದು ಬಂದವನು ಅವನ ಸಾರ್ಜೆಂಟ್. ಪ್ಯಾಂಟ್ ಕೊಡುತ್ತಾ “ಲೆಫ್ಟಿನೆಂಟ್ ಎಲ್ಲಿ?” ಎಂದೆ. ನನಗೆ ಅರ್ಥವಾಗಲಿ ಎಂದೇ ಇರಬೇಕು, ಅವನು ನಮ್ಮ ಅಂಗಡಿಯ ಮಾತಿನಲ್ಲೇ ಹೇಳಿದ.

“ಖಲಾಸ್.”

ನಾನು ನಕ್ಕೆ. ಹೇಳದೆ ಕೇಳದೆ ಊರಿಗೆ ಓಡಿದನಲ್ಲ ಕಳ್ಳ ಅನ್ನಿಸಿತು. ಸಾರ್ಜೆಂಟನ ಕೈಹಿಡಿದು ಕುಲುಕಿ, “ಮಬ್ರೂಕ್, ಮಬ್ರೂಕ್! ವೆರಿ ಗುಡ್” ಎಂದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. “ಥ್ಯಾಂಕ್ ಯೂ” ಅಂದ. ಪ್ಯಾಂಟನ್ನು ಎದೆಗೆ ಒತ್ತಿ ಹಿಡಿದು ಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಸೂಪರ್‌ವೈಸರ್, ಉಪ್ಪಿನಂಗಡಿ ಕಡೆಯ ಬ್ಯಾರಿ, ನನ್ನ ಪಕ್ಕದಲ್ಲಿ ತಟ್ಟೆ ಇಟ್ಟು ಕೇಳಿದ. “ಬಾವುಟ ಅರ್ಧಕ್ಕೆ ಇಳಿಸಿದ್ದಾರೆ, ನೋಡ್ಲಿಲ್ವಾ ಮಾರಾಯ? ನಿನ್ನ ಆ ಟೊಪ್ಪಿಯವ ಹೋದನಂತೆ. ರಸ್ತೆಯಲ್ಲಿ ಬಾಂಬ್ ಇಟ್ಟಿದ್ರಂತೆ.”

“ಯಾರು ಹೇಳಿದ್ದು?”

“ಎಲ್ಲರಿಗೂ ಗೊತ್ತುಂಟು. ನಿಂಗೆ ಯಾರೂ ಹೇಳ್ಲಿಲ್ವಾ?”

ಹೇಳಿದ್ದರು. ನಾನು ಊಟ ಮುಗಿಸಿದೆ, ಒಂದಗುಳು ಅನ್ನವನ್ನೂ ಬಿಡಲಿಲ್ಲ. ಮತ್ತೆ ಮಿಷಿನ್ನಿಗೆ ಕೂತು ಐದಾರು ಝಿಪ್ ಬದಲಿಸಿದೆ. ಅಳು ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಇವತ್ತಿಗೂ ಗೊತ್ತಿಲ್ಲ. ಸಾರ್ಜೆಂಟನಿಗೆ ಹೇಳಬೇಕಾದ ಇಂಗ್ಲಿಷನ್ನು ಸೂಪರ್‌ವೈಸರನಿಂದ ಬರೆಸಿಕೊಂಡು, ಬಾಯಿಪಾಠ ಮಾಡಿ, ಮಾರನೆಯ ದಿನ ಅವರ ಡೇರೆಗಳ ಕಡೆ ಹೋದೆ. ಅವರು ಬೆಳಿಗ್ಗೆಯೇ ಹೊರಟುಹೋಗಿದ್ದರು. ಕ್ಯಾಂಪಿನ ಕೂಲಿಯಾಳುಗಳು ಖಾಲಿ ಡೇರೆಗಳನ್ನು ಗುಡಿಸುತ್ತಿದ್ದರು.

ಈಗ ಕುವೈತಿನಲ್ಲೇ, ಎಗೈಲಾದ ಒಂದು ಮಾಲ್‌ನಲ್ಲಿ ಬಟ್ಟೆ ಆಲ್ಟರ್ ಮಾಡುತ್ತೇನೆ. ಗಿರಾಕಿಗಳು “ಖಲಾಸ್?” ಎಂದು ಕೇಳುತ್ತಾರೆ. ನಾನು “ರೆಡಿ” ಅನ್ನುತ್ತೇನೆ. ಬಾಯಿಪಾಠ ಮಾಡಿದ ಆ ನಾಲ್ಕು ಸಾಲು ಇನ್ನೂ ನೆನಪಿದೆ, ಹೇಳುವುದಕ್ಕೆ ಯಾರೂ ಇಲ್ಲ. ಆ ಸಾರ್ಜೆಂಟ್ ಪ್ಯಾಂಟನ್ನು ಲೆಫ್ಟಿನೆಂಟನ ಮನೆಗೆ ಮುಟ್ಟಿಸಿರಬೇಕು. ಅದನ್ನು ಹೊಲಿದವನು ಯಾರು ಎಂದು ಆ ತಂಗಿ ಕೇಳಿದ್ದರೆ, ಸಾವಿನ ಸುದ್ದಿ ಕೇಳಿ ನಕ್ಕು ಕೈಕುಲುಕಿದವನು ಎಂದು ಹೇಳಿರುತ್ತಾನೆ. ಅದು ಸುಳ್ಳಲ್ಲ.