ಸೆರಗಿಗೆ ಹತ್ತಿದ ಉಕ್ಕಿನ ಗಾಡಿ

ಕಳೆದ ಭಾನುವಾರ ನಮ್ಮ ಅಕ್ಕನ ಮಗಳಿಗೆ ಬಂದ ಸಂಬಂಧ ಒಂದು ಗಾಡಿಗೆ ಸಿಕ್ಕಿ ಅಪ್ಪಚ್ಚಿಯಾಗುವುದರಲ್ಲಿತ್ತು. ಗಾಬರಿಯಾಗಬೇಡಿ. ಆ ಗಾಡಿ ಎಂದೂ ನಮ್ಮ ಇಳಕಲ್ಲಿನ ರಸ್ತೆಗೆ ಇಳಿದಿಲ್ಲ.

ಟಿ.ವಿ.ಯಲ್ಲಿ ವಾರವಾರ ಬರುತ್ತದಲ್ಲ, ಬೇರೆ ಗ್ರಹದವರನ್ನು ಬೆನ್ನಟ್ಟುವ ಸೀರಿಯಲ್ಲು, ಅದರೊಳಗಿನ ಗಾಡಿ. ಮೈತುಂಬ ಉಕ್ಕಿನ ಕವಚ, ಮಗ್ಗುಲಿಗೆ ಐದೈದು ಗಾಲಿ. ಗುಂಡು ಹೊಡೆದರೂ ಜಗ್ಗುವುದಿಲ್ಲ. ತಮಾಷೆಯೆಂದರೆ ಡ್ರೈವರ್ ಹಿಂದಕ್ಕೆ ಮುಖ ಮಾಡಿ ಕೂರುತ್ತಾನೆ. ಮುಂದಿನ ದಾರಿಯನ್ನು ಸಣ್ಣದೊಂದು ಟಿ.ವಿ.ಯಲ್ಲಿ ನೋಡಿಕೊಂಡು ಓಡಿಸುತ್ತಾನೆ. (ನಮ್ಮ ಆಂಟೆನಾ ನಂಬಿದ್ದರೆ ಮೊದಲ ತಿರುವಿನಲ್ಲೇ ಹಳ್ಳ ಸೇರುತ್ತಿದ್ದ.)

ಅಕ್ಕನ ಮಗಳು ಗಿರಿಜಾ ಇದನ್ನು ನೋಡಲು ತಪ್ಪದೆ ನಮ್ಮ ಮನೆಗೆ ಬರುತ್ತಾಳೆ. ಕೈಯಲ್ಲಿ ಕಸೂತಿ. ಮದುವೆಗೆಂದು ಎತ್ತಿಟ್ಟ ಕಪ್ಪು ಚಂದ್ರಕಾಳಿ ಸೀರೆಗೆ ಗೋಪುರ, ಆನೆ, ಪಲ್ಲಕ್ಕಿ ಹಾಕುತ್ತಿದ್ದಳು. ಎಳೆ ಎಣಿಸಿ ಹಾಕುವ ಕೆಲಸ. ಕಣ್ಣು ಟಿ.ವಿ. ಕಡೆಗಿದ್ದರೆ ಕೈ ಸುಮ್ಮನಿದ್ದೀತೇ?

ಭಾನುವಾರ ಬಾದಾಮಿಯಿಂದ ಹುಡುಗನ ತಾಯಿ ನೀಲವ್ವನವರು ಅಕ್ಕನ ಮನೆಗೆ ಬರುವವರಿದ್ದರು. ಹುಡುಗಿಯ ಕೈಕೆಲಸ ನೋಡದೆ ಒಪ್ಪುವವರಲ್ಲ ಎಂಬ ಸುದ್ದಿ ಮೊದಲೇ ಬಂದಿತ್ತು. ಅವರು ಇನ್ನೇನು ಬಂದರು ಎನ್ನುವಾಗ ಅಕ್ಕ ಸೀರೆ ಬಿಚ್ಚಿ ನೋಡಿದಳು. ಪಲ್ಲಕ್ಕಿಯ ಹಿಂದೆ ಅದೇ ಗಾಡಿ! ಸಾಲಾಗಿ ಐದು ಗಾಲಿ, ಒಳಗೆ ಹಿಂದಕ್ಕೆ ಮುಖ ಮಾಡಿದ ಮನುಷ್ಯ.

“ಏನವಾ ಇದು? ಲಗ್ನದ ಸೀರಿ ಮ್ಯಾಲೆ ಯುದ್ಧದ ಗಾಡಿ ಹಾಕ್ತಾರೇನು?” ಅಕ್ಕ ಹಣೆ ಚಚ್ಚಿಕೊಂಡಳು. ಹಿಂದೆ ಎರಡು ಸಂಬಂಧ ಹೀಗೇ ಬಾಗಿಲಿಗೆ ಬಂದು ತಪ್ಪಿಹೋಗಿದ್ದವು.

ನಾನು ಜಾಣತನ ತೋರಿಸಿದೆ. “ಸೆರಗು ತಿರುವಿ ಮಡಚಬೇ.”

ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಕಸೂತಿಗೆ ಗಂಟಿಲ್ಲ, ಒಳಮೈ ಹೊರಮೈ ಎಂಬ ಭೇದವಿಲ್ಲ. ತಿರುವಿದರೆ ಆ ಕಡೆಗೂ ಅದೇ ಗಾಡಿ.

ನೀಲವ್ವನವರು ಬಂದರು. ಕನ್ನಡಕ ಏರಿಸಿ ಸೆರಗಿನ ಮೇಲೆ ಬೆರಳಾಡಿಸುತ್ತ ಹೋದರು. ಗೋಪುರ ದಾಟಿತು, ಆನೆ ದಾಟಿತು. ಬೆರಳು ಗಾಡಿಯ ಮೇಲೆ ನಿಂತಿತು.

“ಇದೇನ್ ತಂಗಿ?”

“ಟಿ.ವಿ.ಯಾಗಿನ ಗಾಡಿರಿ.”

“ಹೊಡಿಯಾಂವ ಯಾಕ ಹಿಂದ ಮುಖಾ ಮಾಡಿ ಕುಂತಾನ?”

ಗಿರಿಜಾ ತಲೆ ತಗ್ಗಿಸಿದಳು. “ಹಂಗ ಕುಂತು ಹೋದ್ರ, ಬಿಟ್ಟು ಬಂದ ಊರು ಭಾಳ ಹೊತ್ತು ಕಾಣತೈತ್ರಿ. ಅದಕ್ಕ ಹಾಕೀನ್ರಿ.”

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ನೀಲವ್ವನವರು ಸೆರಗನ್ನು ಮೆಲ್ಲಗೆ ಮಡಚಿದರು. “ನಾ ಲಗ್ನಾಗಿ ಬರುವಾಗ ಬಂಡಿಗೆ ಪರದಿ ಕಟ್ಟಿದ್ರವಾ. ಏನೂ ಕಾಣಲಿಲ್ಲ” ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, “ಸಕ್ಕರಿ ತರ್ರಿ. ಬಾಯಿ ಸಿಹಿ ಮಾಡೂಣು.”

ಸಂಬಂಧ ಕುದುರಿತು. ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಜೊತೆಗೆ ಹೆಣ್ಣುಮಕ್ಕಳ ಮನಸ್ಸಿನ ಬಗ್ಗೆ ಸಣ್ಣದೊಂದು ಭಾಷಣವನ್ನೂ ಬಿಗಿದೆ. (ಅಂಕಣಕಾರನ ಚಟ, ಏನು ಮಾಡುವುದು?)

ಜೋಳ ಹಸನು ಮಾಡುತ್ತಿದ್ದ ಅವಳು ಮೊರದಿಂದ ತಲೆ ಎತ್ತಲಿಲ್ಲ.

“ನಮ್ಮ ಲಗ್ನಾ ಮುಗಿಸಿಕೊಂಡು ನನ್ನ ತವರು ಹುನಗುಂದದಿಂದ ಬರುವಾಗ, ಬಸ್ಸಿನ್ಯಾಗ ಕಿಟಕಿ ಕಡೆ ಯಾರು ಕುಂತಿದ್ರಿ?”