ತೊಳೆದ ತೊಟ್ಟಿ

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ಉಜ್ಜಮ್ಮ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ನೆಲ ಒರೆಸಿ ಒರೆಸಿಯೇ ನಿವೃತ್ತಳಾದವಳು. ಕೊಳೆ ಕಂಡರೆ ಮೈಮೇಲೆ ದೆವ್ವ ಬಂದಂತೆ ಆಡುತ್ತಿದ್ದಳು. ನಾವು ಕುಡಿದು ಮುಗಿಸುವ ಮೊದಲೇ ಲೋಟ ಕಿತ್ತುಕೊಂಡು ತೊಳೆಯುವ ಪೈಕಿ. ಗಂಡನಿಲ್ಲ, ಮಕ್ಕಳಿಲ್ಲ. ಇದ್ದವಳು ತಂಗಿ ಒಬ್ಬಳೇ, ಅಂದರೆ ನನ್ನ ಅಮ್ಮ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ.

ಬೀದಿಯ ಕೊನೆಯಲ್ಲಿ ಹಿಂದೆ ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯುವ ಕಾರ್ಖಾನೆಯಿತ್ತು. ಅವರು ಚೆಲ್ಲಿದ ದ್ರಾವಣ ನೆಲಕ್ಕಿಳಿದು ನಮ್ಮ ಕೊಳವೆಬಾವಿ ಸೇರಿತು. ನೀರು ಶುದ್ಧ ಮಾಡಲೆಂದು ಒಂದು ಮುಚ್ಚಿದ ತೊಟ್ಟಿ ಕಟ್ಟಿದರು. ಅದರೊಳಗಿನ ಕಪ್ಪು ಲೋಳೆಯಲ್ಲಿ ಬ್ಯಾಕ್ಟೀರಿಯಾಗಳು. ದ್ರಾವಣದಲ್ಲಿರುವ ಕ್ಲೋರಿನ್ ಕಿತ್ತುಹಾಕಿ ವಿಷವನ್ನು ಮುರಿಯುವುದು ಅವುಗಳ ಕೆಲಸ, ಅದಕ್ಕೆ ಅವಕ್ಕೆ ಕೋಬಾಲ್ಟ್, ಕಬ್ಬಿಣ ಬೇಕು. ಲೋಹವೇ ಅವುಗಳ ಹಲ್ಲು. ಎಂಜಿನಿಯರ್ ಹುಡುಗಿಯೊಬ್ಬಳು ಆಗಾಗ ಬಂದು ಚಿಟಿಕೆ ಲೋಹದ ಉಪ್ಪು ಬೆರೆಸಿ ಹೋಗುತ್ತಿದ್ದಳು. ಬೀಗದ ಕೈ ಕಾವಲಿಗಿದ್ದ ದೊಡ್ಡಮ್ಮನ ಬಳಿ.

"ಅಮ್ಮಾ, ಮುಚ್ಚಳ ಮಾತ್ರ ತೆಗೀಬೇಡಿ. ಗಾಳಿ ತಾಗಿದ್ರೆ ಅವು ಸತ್ತೋಗ್ತವೆ," ಎಂದು ಆ ಹುಡುಗಿ ಹೇಳಿದ್ದಳು.

"ಕೊಳೇಲಿ ಬದುಕೋವು ಸತ್ರೇನಂತೆ ಬಿಡಮ್ಮ," ಎಂದಳು ದೊಡ್ಡಮ್ಮ. ಹುಡುಗಿ ತಮಾಷೆಯೆಂದುಕೊಂಡು ನಕ್ಕಳು.

ಆಮೇಲೆ ನೋಟಿಸ್ ಬಂತು. ಮುಂದಿನ ಪರೀಕ್ಷೆಯಲ್ಲಿ ನೀರು ಸರಿಯಿಲ್ಲದಿದ್ದರೆ ಬೀದಿಯನ್ನೇ ಖಾಲಿ ಮಾಡಬೇಕು. "ನೀನೊಂದ್ಕಡೆ ನಾನೊಂದ್ಕಡೆ ಆದ್ರೆ ನಾನು ಯಾರ ಮುಖ ನೋಡ್ಕೊಂಡಿರ್ಲೇ?" ಎಂದು ದೊಡ್ಡಮ್ಮ ಅಮ್ಮನ ಕೈ ಹಿಡಿದು ಅತ್ತಳು.

ಪರೀಕ್ಷೆಯ ಹಿಂದಿನ ದಿನ ಯಾರಿಗೂ ಹೇಳದೆ ಮುಚ್ಚಳ ತೆಗೆದು, ಲೋಳೆಯನ್ನೆಲ್ಲ ಬಕೆಟ್ಟಿಗೆ ಬಳಿದು, ಬ್ಲೀಚಿಂಗ್ ಪುಡಿ ಹಾಕಿ ಗೋಡೆ ತಿಕ್ಕಿದಳು. ಆಸ್ಪತ್ರೆಗೆ ಮೇಲಿನವರು ಬರುವ ಮುಂಚೆ ಅವಳು ಮಾಡುತ್ತಿದ್ದುದೂ ಅದೇ. ಸೊಂಟ ಹಿಡಿದುಕೊಂಡು ಮನೆಗೆ ಬಂದವಳು, "ಕನ್ನಡಿ ಥರ ಹೊಳೀತಿದೆ. ಯಾವನು ಫೇಲ್ ಮಾಡ್ತಾನೋ ನೋಡೇಬಿಡ್ತೀನಿ," ಎಂದಳು.

ನೀರು ಫೇಲಾಯಿತು. ಹುಡುಗಿ ತೊಟ್ಟಿಯೊಳಗೆ ಇಣುಕಿ, ತಲೆ ಮೇಲೆ ಕೈ ಹೊತ್ತು ಕೂತಳು.

"ಅವನ್ನ ಮತ್ತೆ ಬೆಳೆಸ್ಬೋದಲ್ವೇನಮ್ಮಾ?" ಎಂದಳು ದೊಡ್ಡಮ್ಮ.

"ತಿಂಗಳುಗಟ್ಟಲೆ ಬೇಕು ಅಮ್ಮಾ. ಅಷ್ಟು ದಿನ ಯಾರು ಕಾಯ್ತಾರೆ?"

ವಿಷ ಚೆಲ್ಲಿ ಹೋದವರನ್ನು ಒಬ್ಬರೂ ಕೇಳಲಿಲ್ಲ. ಬೀದಿಯೆಲ್ಲ ಸೇರಿ ಉಗಿದದ್ದು ತೊಳೆದವಳಿಗೆ. ಅಮ್ಮನಂತೂ ಮಾತೇ ಬಿಟ್ಟಳು.

ಲಾರಿಗೆ ಸಾಮಾನು ಏರಿಸುವಾಗ ದೊಡ್ಡಮ್ಮ ಬಾಗಿಲಿಗೆ ಬಂದು ನಿಂತಳು. "ನನ್ನೂ ಕರ್ಕೊಂಡು ಹೋಗೇ. ಎಲ್ಲೋ ಒಂದು ಮೂಲೇಲಿ ಬಿದ್ದಿರ್ತೀನಿ."

ಅಮ್ಮ ತಲೆಯೆತ್ತಲಿಲ್ಲ. "ಅಲ್ಲಿರೋದು ಎರಡೇ ಕೋಣೆ ಅಕ್ಕ."

"ಹೌದಾ? ಹಾಗಾದ್ರೆ ಕಷ್ಟ ಬಿಡು," ಎಂದು ದೊಡ್ಡಮ್ಮ ಒಳಗೆ ಹೋದಳು.

ನಮ್ಮ ಹೊಸ ಮನೆಗೆ ಮೂರು ಕೋಣೆ. ಮೂರನೆಯದರಲ್ಲಿ ಯಾರೂ ಮಲಗುವುದಿಲ್ಲ.